ಚಪ್ಪಾಳೆ ನಿಂತ ಮೇಲೆ

ನೆಲಿದಾಳಿಗೆ ಸಮುದ್ರ ಕಂಡರೆ ಭಯವಿಲ್ಲ, ಪೊಲೀಸರನ್ನು ಕಂಡರೆ ಭಯವಿಲ್ಲ, ಅರವತ್ತು ದಾಟಿದ ಮೇಲೆ ಸಾವೆಂದರೂ ಅಷ್ಟಕ್ಕಷ್ಟೆ. ಹೆತ್ತ ಮಗಳು ರೋಮಿನಾ ಎಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಅವಳು ಬೈಯುವವಳಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುಮ್ಮನೆ ಒಂದು ನೋಟ ನೋಡಿ ಎದ್ದು ಹೋಗುವವಳು, ಹೋದರೆ ತಿಂಗಳುಗಟ್ಟಲೆ ಫೋನೂ ಇಲ್ಲ.

ಮೊಮ್ಮಗಳು ಮಲೇನಾಗೆ ನಾಲ್ಕು ತುಂಬಿತ್ತು. ಹುಟ್ಟಿದಾಗಿನಿಂದ ಒಂದು ದಿನವೂ ರೋಮಿನಾ ಆ ಮಗುವನ್ನು ಅಜ್ಜಿಯ ಕೈಗೆ ಒಪ್ಪಿಸಿ ಹೋದವಳಲ್ಲ. ಭಾನುವಾರ ಬರುವುದು, ಊಟ ಮಾಡುವುದು, ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಡುವುದು. ಇವತ್ತು ಮಗು ನೋಡಿಕೊಳ್ಳುವ ಹುಡುಗಿ ಜ್ವರ ಅಂತ ಕೈಕೊಟ್ಟಿದ್ದಳು. ರೋಮಿನಾ ಹೋಟೆಲಿನಲ್ಲಿ ಕೆಲಸಕ್ಕಿದ್ದವಳು. ಮಾರ್ ದೆಲ್ ಪ್ಲಾತಾದ ಹೋಟೆಲಿನಲ್ಲಿ ಜನವರಿಯ ಬೇಸಿಗೆ ಸಂದಣಿಯಲ್ಲಿ ರಜೆ ಕೇಳುವುದೂ ಒಂದೇ, ಕೆಲಸ ಬಿಡುತ್ತೇನೆ ಅನ್ನುವುದೂ ಒಂದೇ. ಬೇರೆ ದಾರಿ ಕಾಣದೆ ಮಗುವನ್ನು ಕರೆತಂದು ಬ್ರಿಸ್ತೋಲ್ ಎಂಬ ಸಮುದ್ರ ದಡದ ಮೆಟ್ಟಿಲ ಹತ್ತಿರ ನಿಂತಳು.

“ಅಮ್ಮಾ, ಒಂದೇ ಮಾತು. ಇವತ್ತು ಆ ದರಿದ್ರ ಮೆಷಿನ್ ಮುಟ್ಟಬಾರದು.”

“ಮುಟ್ಟಲ್ಲ ಕಣೇ.”

“ಮುಟ್ಟದೆ ಇರೋಳು ಅದನ್ನ ಯಾಕೆ ಹೊತ್ಕೊಂಡು ಬಂದಿದೀಯ? ಚೀಲದಿಂದ ಕೋಲು ಇಣುಕ್ತಿದೆ.”

“ಅಭ್ಯಾಸ ಕಣೇ. ನೀನು ಕೈಚೀಲ ತಗೊಂಡು ಹೊರಡಲ್ವಾ, ಹಾಗೆ. ಬೆಳಿಗ್ಗೆ ಎದ್ದು ಹೆಗಲಿಗೆ ಹಾಕ್ಕೊಂಡ್ಬಿಟ್ಟೆ.”

“ಆಣೆ ಮಾಡು.”

ನೆಲಿದಾ ಎರಡು ಬೆರಳನ್ನು ಶಿಲುಬೆಯ ಹಾಗೆ ಹಿಡಿದು ಮುತ್ತಿಟ್ಟು ಆಣೆ ಮಾಡಿದಳು. ಆ ಕ್ಷಣಕ್ಕೆ ಅದು ಸುಳ್ಳಲ್ಲ. ಇವತ್ತೊಂದು ದಿನ ಮಗುವನ್ನು ಸರಿಯಾಗಿ ನೋಡಿಕೊಂಡರೆ ನಾಳೆಯೂ ಬಿಡುತ್ತಾಳೆ, ನಾಡಿದ್ದೂ ಬಿಡುತ್ತಾಳೆ, ಏನಾದರೂ ಎಡವಟ್ಟಾದರೆ ಇದೇ ಮೊದಲು ಇದೇ ಕೊನೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರೋಮಿನಾ ಮಗುವಿನ ಹಳದಿ ಈಜುಡುಗೆಯ ಪಟ್ಟಿ ಸರಿಮಾಡಿ, ಎರಡು ಸಲ ಮುತ್ತಿಟ್ಟು, ಸಂಜೆ ಬರುತ್ತೇನೆಂದು ಹೇಳಿ ಮೆಟ್ಟಿಲು ಹತ್ತಿದಳು. ಮೇಲೆ ನಿಂತು ಮತ್ತೊಮ್ಮೆ ತಿರುಗಿ ನೋಡಿದಳು.

ದಡದಲ್ಲಿ ಆಗಲೇ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಕೊಡೆಗೆ ಕೊಡೆ ತಾಗಿಕೊಂಡು, ಒಬ್ಬರ ಟವೆಲಿನ ಮೇಲೆ ಇನ್ನೊಬ್ಬರ ಕಾಲು. ನೆಲಿದಾ ಹೇಗೋ ಒಂದು ಚೂರು ಜಾಗ ಮಾಡಿಕೊಂಡು ಕೊಡೆ ಊರಿದಳು, ಮೆಷಿನ್ನಿನ ಚೀಲವನ್ನು ಟವೆಲಿನಡಿಗೆ ತಳ್ಳಿದಳು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಮಾಟೆ ಕಷಾಯ ಹೀರುತ್ತಾ ಮಗುವಿನ ಮೇಲೆ ಕಣ್ಣು ನೆಟ್ಟು ಕೂತಳು. ಮಗು ಎರಡು ಹೆಜ್ಜೆ ಆಚೆ ಹೋದರೆ ಇವಳು ಧಡಕ್ಕನೆ ಎದ್ದಳು. ನೀರಿನ ಕಡೆ ತಿರುಗಿದರೆ ಓಡಿಹೋಗಿ ತೋಳು ಹಿಡಿದಳು. ಇಷ್ಟು ಕಾಲ ಈ ಮರಳಿನ ಮೇಲೆ ಓಡಾಡಿದವಳು ಇವತ್ತು ಹೊಸದಾಗಿ ಸಮುದ್ರ ಕಂಡವಳ ಹಾಗೆ ಆಡುತ್ತಿದ್ದಳು.

ಚೂರೋ ಎಂಬ ಸಕ್ಕರೆ ಹಚ್ಚಿದ ಕರಿದ ತಿಂಡಿ ಮಾರುವ ತಿತೋ ಬುಟ್ಟಿ ಹೊತ್ತು ಬಂದವನು ಅವಳನ್ನು ನೋಡಿ ನಿಂತೇಬಿಟ್ಟ.

“ಏನಮ್ಮಾ ಹೆಗ್ಗಣ, ಇವತ್ತು ಬಿಲ ತೋಡಲ್ವಾ? ಮೈ ಹುಷಾರಿಲ್ವಾ?”

ಆ ದಡದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹೆಗ್ಗಣ ಎಂದೇ. ಬೇಸಿಗೆಗೆ ಬಂದ ಜನ ಕಳೆದುಕೊಂಡ ಉಂಗುರ, ಓಲೆ, ಸರಗಳನ್ನು, ಲೋಹ ಪತ್ತೆಹಚ್ಚುವ ಆ ಮೆಷಿನ್ ಆಡಿಸಿ, ಮರಳು ಕೆದಕಿ ಹುಡುಕುವುದೇ ಅವಳ ಬದುಕು. ಬಿರುಗಾಳಿ ಬೀಸಿ ಅಲೆ ಮರಳನ್ನು ಸವರಿಕೊಂಡು ಹೋದ ಮಾರನೆಯ ದಿನ ಹೆಗ್ಗಣಕ್ಕೆ ಹಬ್ಬ.

“ಇವತ್ತು ನಾನು ಅಜ್ಜಿ ಕಣೋ. ಬರೀ ಅಜ್ಜಿ.”

“ಮೊನ್ನೆ ತಾನೇ ಗಾಳಿ ಬೀಸಿದೆ, ಕೆಳಗೆ ನೀರಂಚಲ್ಲಿ ಗುಂಡಿ ಬಿದ್ದಿದೆ, ನಿನ್ನ ಕೈ ಸುಮ್ನಿರುತ್ತಾ? ನೋಡೋಣ, ನೋಡೋಣ.” ತಿತೋ ಮಲೇನಾಗೆ ಒಂದು ಚೂರೋ ಕೊಟ್ಟ. ಮಗು ಕೈ ಚಾಚಿ ಅವನ ಕಂಕುಳಿಗೇ ಏರಿತು, ಬಾಯೆಲ್ಲ ಸಕ್ಕರೆ ಮಾಡಿಕೊಂಡಿತು. ಗುರುತು ಪರಿಚಯ ಏನೂ ಬೇಡ ಆ ಮಗುವಿಗೆ, ಯಾರು ಕರೆದರೂ ಹೋಗುತ್ತದೆ. ನೆಲಿದಾ ಅದನ್ನು ಬೇಗ ಕಿತ್ತುಕೊಂಡು ತನ್ನ ಮಡಿಲಿಗೆ ಹಾಕಿಕೊಂಡಳು.

ಮಧ್ಯಾಹ್ನದವರೆಗೂ ಎಲ್ಲ ಸರಿಯಾಗಿಯೇ ಇತ್ತು. ಹುರಿದ ಮಾಂಸದ ಸ್ಯಾಂಡ್‌ವಿಚ್ ತಿಂದರು, ಮಗು ಕೊಡೆಯ ನೆರಳಲ್ಲಿ ಒಂದು ನಿದ್ದೆ ತೆಗೆಯಿತು. ನೆಲಿದಾ ಒಂದು ಗಳಿಗೆಯೂ ಕಣ್ಣು ಮುಚ್ಚಲಿಲ್ಲ. ಆಗ ಬಂದಳು ನೋಡಿ ರೊಸಾರಿಯೋ ಊರಿನಿಂದ ರಜೆಗೆ ಬಂದ ಹೆಂಗಸೊಬ್ಬಳು, ಮಿರ್ತಾ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣು ಮೂಗು ಎಲ್ಲ ಕೆಂಪು.

“ನೀವೇ ಅಂತಲ್ಲ ಮೆಷಿನ್ನಿನವರು? ಚೂರೋದವನು ಹೇಳಿದ. ನಿಮ್ಮ ದಮ್ಮಯ್ಯ ಬನ್ನಿ, ಉಂಗುರ ಜಾರಿಹೋಯ್ತು. ನೀರು ತಣ್ಣಗಿತ್ತು, ಬೆರಳು ಸಣ್ಣಗಾಗಿ ಹಾಗೇ ಜಾರ್ತು.”

“ಇವತ್ತಾಗಲ್ಲಮ್ಮ. ಮಗು ಇದೆ.”

“ಮದುವೆ ಉಂಗುರ ಆಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಇದು ನಮ್ಮಮ್ಮಂದು. ಸಾಯೋವಾಗ ತಾನೇ ಬಿಚ್ಚಿ ನನ್ನ ಕೈಗೆ ಹಾಕಿದ್ಲು. ಅಲ್ಲೇ ನೋಡಿ, ಅಲ್ಲೇ, ಮೊಣಕಾಲು ನೀರಲ್ಲಿ. ನಮ್ಮೆಜಮಾನ್ರನ್ನ ಅಲ್ಲಿ ಕಂಬದ ಹಾಗೆ ನಿಲ್ಲಿಸಿ ಬಂದಿದೀನಿ.”

ನೆಲಿದಾ ನೋಡಿದಳು. ದೊಡ್ಡ ಹೊಟ್ಟೆಯ ಒಬ್ಬಾತ ನೀರಿನಲ್ಲಿ ಕದಲದೆ ನಿಂತಿದ್ದ. ನೀರು ಏರುತ್ತಿತ್ತು. ಗಾಳಿ ತೋಡಿದ ಗುಂಡಿಯನ್ನು ಸಮುದ್ರ ಮತ್ತೆ ತುಂಬುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಉಂಗುರ ಮೊಳದಾಳ ಇಳಿದುಹೋಗುತ್ತದೆ, ಆಮೇಲೆ ಯಾರಪ್ಪ ಬಂದರೂ ಸಿಗುವುದಿಲ್ಲ. ಸುಳ್ಳೇಕೆ ಹೇಳಬೇಕು, ಅವಳಿಗೆ ಆ ಹೆಂಗಸಿನ ಮೇಲೆ ಹುಟ್ಟಿದ ಕನಿಕರಕ್ಕಿಂತ ಕೈಯ ತುರಿಕೆಯೇ ಹೆಚ್ಚಾಗಿತ್ತು. ಆಣೆ ನೆನಪಾಗಲಿಲ್ಲವೇ? ಆಯಿತು. ಜೊತೆಗೇ ‘ಎಷ್ಟು ಹೊತ್ತಿನ ಕೆಲಸ, ಮಗು ಪಕ್ಕದಲ್ಲೇ ಇರುತ್ತಲ್ಲ’ ಎಂಬ ಸಮಾಧಾನವೂ ಆಯಿತು. ಕೆಟ್ಟ ಬುದ್ಧಿಗೆ ಸಮಾಧಾನ ಹುಡುಕುವುದು ಎಷ್ಟು ಹೊತ್ತಿನ ಕೆಲಸ ಹೇಳಿ!

ಮಲೇನಾಳನ್ನು ಕೈ ಹಿಡಿದು ಕರೆದೊಯ್ದು ಒದ್ದೆ ಮರಳಿನ ಅಂಚಿನಲ್ಲಿ ನೀಲಿ ಬಕೆಟ್ಟು ಕೊಟ್ಟು ಕೂರಿಸಿದಳು. “ಇಲ್ಲೇ ಕೋಟೆ ಕಟ್ತಿರು ಚಿನ್ನಾ. ಅಜ್ಜಿ ಇಲ್ಲೇ ಇರ್ತಾಳೆ. ಕದಲಬೇಡ, ಹಾಂ?” ಮಗು ತಲೆಯಾಡಿಸಿತು. ನೆಲಿದಾ ಮೆಷಿನ್ನಿನ ಕೋಲು ಜೋಡಿಸಿದಳು, ತೂತುತೂತಿನ ಉಕ್ಕಿನ ಸಲಿಕೆ ಕೈಗೆ ತೆಗೆದುಕೊಂಡಳು, ಹೆಡ್‌ಫೋನು ಕಿವಿಗೇರಿಸಿದಳು.

ಹೆಡ್‌ಫೋನಿಲ್ಲದೆ ಅಲ್ಲಿ ಕೆಲಸ ನಡೆಯುವುದಿಲ್ಲ. ಅಲೆಯ ಮೊರೆತ, ಮಕ್ಕಳ ಕಿರುಚಾಟ, ಐಸ್‌ಕ್ರೀಮಿನವರ ಕೂಗು, ಇವುಗಳ ನಡುವೆ ಚಿನ್ನದ ದನಿ ಕೇಳುವುದಾದರೂ ಹೇಗೆ? ಬಾಟಲಿ ಮುಚ್ಚಳ ಕರ್ಕಶವಾಗಿ ಕೂಗುತ್ತದೆ, ಡಬ್ಬಿಯ ತಗಡು ಚಿನ್ನದ ಹಾಗೇ ನಟಿಸಿ ಮೋಸ ಮಾಡುತ್ತದೆ. ನಿಜವಾದ ಚಿನ್ನ ಮಾತ್ರ ಮೆಲ್ಲಗೆ, ತಗ್ಗಿದ ದನಿಯಲ್ಲಿ ಗುಂಯ್ ಎನ್ನುತ್ತದೆ. ಆ ದನಿ ಒಮ್ಮೆ ಕಿವಿಗೆ ಬಿತ್ತೆಂದರೆ ನೆಲಿದಾಳಿಗೆ ಲೋಕವಿಲ್ಲ. ಇವತ್ತೂ ಹಾಗೇ ಆಯಿತು. ಮಿರ್ತಾಳ ಗಂಡ ನಿಂತ ಜಾಗದಿಂದ ಎರಡು ಮಾರು ಆಚೆ ಗುಂಯ್ ಎಂದಿತು. ಸಲಿಕೆ ಹಾಕಿದಳು, ಅಲೆ ಬಂದು ಗುಂಡಿ ಮುಚ್ಚಿತು. ಮತ್ತೆ ಆಡಿಸಿದಳು, ದನಿ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಮತ್ತೆ ಸಲಿಕೆ, ಮತ್ತೆ ಅಲೆ. ಬರೀ ಕಪ್ಪೆಚಿಪ್ಪು, ಒಂದು ತುಕ್ಕು ಮೊಳೆ. ಹಲ್ಲು ಕಚ್ಚಿ ಮತ್ತೆ ಇಳಿಸಿದಳು. ಕಾಲಿನ ಮೇಲೆ ಏನೋ ಮರಳು ಬಿದ್ದ ಹಾಗಾಯಿತು, ಅಲೆಯೆಂದುಕೊಂಡು ಕೊಡವಿದಳು. ಕೊನೆಗೆ ಸಲಿಕೆ ಎತ್ತಿ ಜಾಲಾಡಿಸಿದಾಗ ತೂತುಗಳ ನಡುವೆ ಹಳದಿ ಮಿಂಚಿತು.

ಉಂಗುರ ಎತ್ತಿ ಹಿಡಿದು ಹೆಡ್‌ಫೋನು ಕುತ್ತಿಗೆಗೆ ಇಳಿಸಿದಳು. ಇಳಿಸಿದ ಕೂಡಲೇ ಕೇಳಿಸಿದ್ದು ಚಪ್ಪಾಳೆ. ನೂರಾರು ಜನರ ಚಪ್ಪಾಳೆ.

ಅಯ್ಯೋ ಅವಳ ಹಿಗ್ಗೇ! ತನಗೇ ಎಂದುಕೊಂಡಳು. ಉಂಗುರವನ್ನು ತಲೆಯ ಮೇಲೆ ಎತ್ತಿ ತೋರಿಸಿ, ನಾಟಕದವರ ಹಾಗೆ ಸೊಂಟ ಬಗ್ಗಿಸಿ ವಂದಿಸಿಯೂ ಬಿಟ್ಟಳು. ಮಿರ್ತಾ ಓಡಿಬಂದು ಉಂಗುರ ಇಸಿದುಕೊಂಡು, ಅವಳನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವಳ ಗಂಡ ನಗುತ್ತಾ, “ನಿಮಗಲ್ಲಮ್ಮಾ, ಅಲ್ನೋಡಿ” ಎಂದು ಕೈ ತೋರಿಸಿದ.

ದೂರದಲ್ಲಿ, ಸೀಲ್ ಎಂಬ ಕಡಲ ಪ್ರಾಣಿಯ ಕಲ್ಲಿನ ವಿಗ್ರಹಗಳ ಕಡೆ, ಯಾರೋ ಒಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಬಿಸಿಲು ನೆಲಿದಾಳ ಮುಖಕ್ಕೇ ಹೊಡೆಯುತ್ತಿತ್ತು, ಮಗು ಬರೀ ಕಪ್ಪು ನೆರಳಾಗಿ ಕಂಡಿತು. ಅವನ ಸುತ್ತಲಿನವರು ತಟ್ಟುತ್ತಿದ್ದರು, ಅವರನ್ನು ನೋಡಿ ಆಚೆಯವರು, ಅವರನ್ನು ನೋಡಿ ಇನ್ನೂ ಆಚೆಯವರು. ಆ ದಡದಲ್ಲಿ ಮಗು ತಪ್ಪಿಸಿಕೊಂಡರೆ ಹೀಗೆಯೇ. ಸಿಕ್ಕವರು ಹೆಗಲಿಗೇರಿಸುತ್ತಾರೆ, ಉಳಿದವರು ಹೆತ್ತವರು ಬರುವ ತನಕ ಚಪ್ಪಾಳೆ ತಟ್ಟುತ್ತಾರೆ. ಬಂದರೆಂದರೆ ಚಪ್ಪಾಳೆ ನಿಲ್ಲುತ್ತದೆ.

“ಯಾವಳ ಮಗುವೋ ಏನೋ,” ಎಂದಳು ನೆಲಿದಾ, ಸಲಿಕೆ ಕಂಕುಳಿಗೆ ಸಿಕ್ಕಿಸಿ ತಾನೂ ತಟ್ಟುತ್ತಾ. “ಫೋನ್ ನೋಡ್ತಾ ಕೂತಿರ್ತಾರೆ, ಮಕ್ಕಳ ಮೇಲೆ ಗ್ಯಾನವೇ ಇರಲ್ಲ.”

ಚಪ್ಪಾಳೆ ನಿಂತಿತು. “ಸದ್ಯ, ಸಿಕ್ತು” ಎಂದಳು ಮಿರ್ತಾ. ನೆಲಿದಾ ನಗುತ್ತಲೇ ತಿರುಗಿದಳು.

ಒದ್ದೆ ಮರಳಿನ ಅಂಚಿನಲ್ಲಿ ನೀಲಿ ಬಕೆಟ್ಟು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಮಲೇನಾ?”

ಒಂದು ಅಲೆ ಬಂದು ಬಕೆಟ್ಟನ್ನು ಎತ್ತಿಕೊಂಡು ಹೋಯಿತು. ಮಗು ನೀರಿಗೆ ಬಿತ್ತೇ? ಅಲೆ ಎಳೆದುಕೊಂಡಿತೇ? ಸಲಿಕೆ, ಮೆಷಿನ್ನು ಎಲ್ಲ ಅಲ್ಲೇ ಬಿಸಾಕಿ ನೀರಿಗೆ ನುಗ್ಗಿದಳು. ಸೊಂಟದ ಮಟ್ಟ ಇಳಿದು ಎರಡೂ ಕೈಯಲ್ಲಿ ನೀರು ಬಾಚಿದಳು. ಹಳದಿ ಏನಾದರೂ ಕಂಡೀತೇ ಎಂದು ಕಣ್ಣು ಕೀಲಿಸಿ ನೋಡಿದಳು. ಹಳದಿ ಚೆಂಡು ಕಂಡಿತು, ಯಾವಳದೋ ಹಳದಿ ಟೋಪಿ ಕಂಡಿತು. “ಮಲೇನಾ! ಮಲೇನಾ!” ದನಿ ಒಡೆದು ಹೋಯಿತು. ಉಪ್ಪು ನೀರು ಬಾಯಿಗೆ ನುಗ್ಗಿ ಕೆಮ್ಮಿದಳು, ಕೆಮ್ಮುತ್ತಲೇ ಕೂಗಿದಳು.

ಜೀವರಕ್ಷಕ ಹುಡುಗ ಫಾಕುಂದೋ ಸೀಟಿ ಊದುತ್ತಾ ಓಡಿಬಂದ. ಅವನ ಜೊತೆಯವರಿಬ್ಬರು ನೀರಿಗೆ ಹಾರಿದರು.

“ಏನಾಯ್ತು ನೆಲಿಯಮ್ಮಾ? ಯಾರು?”

“ಮಗು! ಮೊಮ್ಮಗಳು! ಹಳದಿ ಬಟ್ಟೆ! ಇಲ್ಲೇ ಕೂರಿಸಿದ್ದೆ ಕಣೋ, ಇಲ್ಲೇ!”

“ಎಷ್ಟು ಹೊತ್ತಾಯ್ತು?”

ಅವಳಿಗೆ ಗೊತ್ತಿರಲಿಲ್ಲ. ಅಷ್ಟನ್ನು ಹೇಳುವುದಕ್ಕೂ ಅವಳಿಂದ ಆಗಲಿಲ್ಲವಲ್ಲ, ಏನನ್ನೋಣ! ಫಾಕುಂದೋ ಅವಳ ಕುತ್ತಿಗೆಯಲ್ಲಿದ್ದ ಹೆಡ್‌ಫೋನು ನೋಡಿ ಸಮುದ್ರದ ಕಡೆ ತಿರುಗಿದ.

ಆಗ ತಿತೋ ಬುಟ್ಟಿ ಕುಲುಕಿಸುತ್ತಾ ಓಡಿಬಂದ. “ಹೆಗ್ಗಣಾ, ಅಳಬೇಡ ಕಣೇ! ಹಳದಿ ಬಟ್ಟೆ ತಾನೇ? ಈಗಷ್ಟೇ ಚಪ್ಪಾಳೆ ತಟ್ಟಿದ್ರಲ್ಲ, ಅದೇ ಮಗು! ನಾನು ಕಣ್ಣಾರೆ ನೋಡ್ದೆ, ನಿನ್ನ ಮೊಮ್ಮಗಳೇ. ಅಲ್ಲಿ ಸೀಲ್ ಹತ್ರ, ಒಬ್ಬ ಬೋಳುತಲೆಯವನ ಹೆಗಲ ಮೇಲಿತ್ತು.”

ನೆಲಿದಾಳಿಗೆ ಹೋದ ಜೀವ ಬಂತು. ನೀರಲ್ಲಿಲ್ಲ! ಸಮುದ್ರ ತಗೊಂಡಿಲ್ಲ! ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಯಾರದೋ ಫ್ಲಾಸ್ಕು ಒದ್ದಳು, ಯಾರದೋ ಕಾಲು ತುಳಿದಳು. ಎರಡು ಮಾರು ಓಡಿದ ಮೇಲೆ ತಲೆಗೆ ಒಂದು ಯೋಚನೆ ಬಂತು, ಬಂದದ್ದೇ ತಡ ಕಾಲು ಅರ್ಧಕ್ಕೆ ನಿಂತುಹೋಯಿತು. ಚಪ್ಪಾಳೆ ನಿಂತಿತ್ತಲ್ಲ. ಹೆತ್ತವರು ಬಂದರೆ ಮಾತ್ರ ಚಪ್ಪಾಳೆ ನಿಲ್ಲುತ್ತದೆ. ತಾನು ಇಲ್ಲಿದ್ದೆ. ಹಾಗಾದರೆ ಬಂದವರು ಯಾರು?

ಬೋಳುತಲೆಯ ಮನುಷ್ಯ ಕೊಡೆಯಡಿ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಹೆಗಲ ಮೇಲೆ ಮಗುವಿನ ಕಾಲಿನ ಒದ್ದೆ ಮರಳು ಇನ್ನೂ ಅಂಟಿಕೊಂಡಿತ್ತು. ಒಳ್ಳೆಯ ಕೆಲಸ ಮಾಡಿದ ಸಂತೋಷ ಅವನ ಮುಖದಲ್ಲಿತ್ತು.

“ಮಗು ಎಲ್ಲಿ?” ಎಂದಳು ನೆಲಿದಾ.

“ತಾಯಿ ಬಂದು ಕರ್ಕೊಂಡು ಹೋದಳಲ್ಲ.”

“ಯಾವ ತಾಯಿ?”

“ಯಾವ ತಾಯಿ ಅಂದ್ರೆ? ತಾಯಿ ಕಣಮ್ಮ. ಹುಲ್ಲಿನ ಟೋಪಿ, ಕಪ್ಪು ಕನ್ನಡಕ. ಮಗು ಕೈ ಚಾಚ್ತು, ಎತ್ಕೊಂಡಳು.”

“ಅದು ಯಾರಿಗೆ ಬೇಕಾದ್ರೂ ಕೈ ಚಾಚುತ್ತೆ! ಅದರ ತಾಯಿ ಕೆಲಸದಲ್ಲಿದಾಳೆ, ಹೋಟೆಲಲ್ಲಿ! ಹೆಸರು ಕೇಳಿದ್ಯಾ? ನೀನು ಯಾರು ಅಂತಾದ್ರೂ ಕೇಳಿದ್ಯಾ?”

“ಕೇಳೋಕೇನಿದೆ? ಚಪ್ಪಾಳೆ ಕೇಳಿ ಓಡಿ ಬಂದೋಳು ತಾಯಿ ಅಲ್ದೆ ಇನ್ಯಾರು?” ಎಂದ ಅವನು. ಹೇಳಿದ ಮೇಲೆ ಅವನ ಬಾಯಿ ಹಾಗೇ ತೆರೆದುಕೊಂಡಿತು. ಕಲ್ಲಂಗಡಿಯ ಹೋಳನ್ನು ಮರಳಿನ ಮೇಲೆ ಇಟ್ಟ. “ಅಯ್ಯೋ ದೇವರೇ. ನಾನು… ಎಲ್ರೂ ಹೀಗೇ ತಾನೇ ಕೊಡೋದು. ಯಾರು ಕೇಳ್ತಾರಮ್ಮಾ?”

ಸುತ್ತ ಕೂತಿದ್ದ ತಾಯಂದಿರು ಒಬ್ಬೊಬ್ಬರಾಗಿ ತಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆದು ಪಕ್ಕಕ್ಕೆ ಎಳೆದುಕೊಂಡರು. ನೆಲಿದಾ ಎಷ್ಟೋ ಬೇಸಿಗೆಗಳನ್ನು ಈ ದಡದಲ್ಲಿ ಕಳೆದಿದ್ದಳು. ಇಲ್ಲಿ ಉಂಗುರ ಕಳೆಯುತ್ತದೆ, ಸರ ಕಳೆಯುತ್ತದೆ, ಮಗು ಮಾತ್ರ ಕಳೆಯುವುದಿಲ್ಲ ಎಂದು ದೃಢವಾಗಿ ನಂಬಿದ್ದಳು. ಚಪ್ಪಾಳೆ ಇರುವಾಗ ಹೇಗೆ ಕಳೆದೀತು? ಈಗ ಅದೇ ಚಪ್ಪಾಳೆ ತಟ್ಟಿ, ನೂರಾರು ಜನರ ಎದುರಿಗೇ, ತಾನೂ ತಟ್ಟಿ, ಮಗುವನ್ನು ಯಾವಳದೋ ಕೈಗೆ ಕೊಟ್ಟು ಕಳಿಸಿದ ಹಾಗಾಯಿತಲ್ಲ!

ಹುಲ್ಲಿನ ಟೋಪಿ, ಕಪ್ಪು ಕನ್ನಡಕ. ತಲೆಯೆತ್ತಿ ನೋಡಿದರೆ ದಡದ ತುಂಬಾ ಹುಲ್ಲಿನ ಟೋಪಿ, ದಡದ ತುಂಬಾ ಕಪ್ಪು ಕನ್ನಡಕ. ಒಬ್ಬಳ ಹಿಂದೆ ಓಡಿ ಭುಜ ಹಿಡಿದು ತಿರುಗಿಸಿದಳು, ಯಾರೋ ಮುದುಕಿ. ಇನ್ನೊಬ್ಬಳ ಕೈಯಲ್ಲಿ ಹಳದಿ ಕಂಡು ಎಳೆದಳು, ಅದು ಟವೆಲು. ರಸ್ತೆಯ ಮೆಟ್ಟಿಲವರೆಗೆ ಓಡಿದಳು. ಮೇಲೆ ಬಸ್ಸು, ಟ್ಯಾಕ್ಸಿ, ಸಾಲುಗಟ್ಟಿದ ಕಾರು. ಮಗುವನ್ನು ಕಾರಿಗೆ ಹತ್ತಿಸಿದ್ದರೆ ಇಷ್ಟು ಹೊತ್ತಿಗೆ ಎಲ್ಲಿ ತಲುಪಿರಬೇಕು? ಮಗು ಅಳುತ್ತಿದೆಯೋ, ಅಥವಾ ಯಾರೋ ಕೊಟ್ಟದ್ದನ್ನು ತಿನ್ನುತ್ತಾ ನಗುತ್ತಾ ಕೂತಿದೆಯೋ? ನಗುತ್ತಿದೆ ಎಂದುಕೊಂಡಾಗಲೇ ಹೆಚ್ಚು ಹೆದರಿಕೆಯಾಯಿತು. ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಫಾಕುಂದೋ ಬಂದು ತೋಳು ಹಿಡಿದು ಎಬ್ಬಿಸಿದ.

“ನೆಲಿಯಮ್ಮಾ, ಪೊಲೀಸರಿಗೆ ಹೇಳಿದೀನಿ. ಮೆಟ್ಟಿಲುಗಳ ಹತ್ರ ನಮ್ಮ ಹುಡುಗರು ನಿಂತಿದಾರೆ. ನೀವು ಮೊದಲು ಅದರ ತಾಯಿಗೆ ಫೋನ್ ಮಾಡಿ.”

“ಬೇಡಪ್ಪಾ.”

“ಬೇಡ ಅಂದ್ರೆ? ಫೋಟೋ ಬೇಕು, ಗುರುತು ಬೇಕು. ತಾಯಿಗೆ ಹೇಳ್ದೆ ಆಗುತ್ತಾ?”

“ನೀನು ಮಾಡಪ್ಪಾ, ನಿನ್ನ ದಮ್ಮಯ್ಯ. ನನ್ನ ಕೈಲಾಗಲ್ಲ.”

“ಮಾಡಿ, ಅಮ್ಮಾ.”

ಕೊಡೆಯಡಿ ಇಟ್ಟಿದ್ದ ಫೋನನ್ನು ಯಾರೋ ತಂದುಕೊಟ್ಟರು. ಮಗಳ ಹೆಸರು ಒತ್ತುವಾಗ ನೆಲಿದಾ ಮೂರು ಸಲ ತಪ್ಪಿದಳು. ರಿಂಗಾಯಿತು. ಮಗಳು ಎತ್ತದಿರಲಿ ಎಂದು ಬೇಡಿಕೊಂಡಳು. ಎತ್ತಿದಳು.

“ಹೇಳಮ್ಮಾ.” ರೋಮಿನಾಳ ದನಿ ತಣ್ಣಗಿತ್ತು.

“ರೋಮೀ… ಕೆಲಸ ಆಯ್ತೇನೇ?”

“ಯಾಕೆ?”

“ಏನಿಲ್ಲ. ಸುಮ್ನೆ ಕೇಳಿದೆ.”

ಫಾಕುಂದೋ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ನೆಲಿದಾ ಅವನಿಗೆ ಬೆನ್ನು ತಿರುಗಿಸಿದಳು. ಕಿವಿಯೊಳಗೆ ಸಮುದ್ರ ಮೊರೆಯುವ ಹಾಗೆ ಕೇಳಿಸುತ್ತಿತ್ತು, ತನ್ನ ತಲೆಯೇ ಗುಂಯ್‌ಗುಡುತ್ತಿದೆ ಎಂದುಕೊಂಡಳು.

“ಮಲೇನಾ ಏನ್ ಮಾಡ್ತಿದಾಳೆ?” ಎಂದಳು ರೋಮಿನಾ.

“ಮಲೇನಾನಾ? ಚೆನ್ನಾಗಿದಾಳೆ. ಚೂರೋ ತಿಂತಿದಾಳೆ.”

ಹೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ನಾಲಿಗೆ ತಾನಾಗಿ ಹೊರಳಿತ್ತು. ಭಯ ಬಿದ್ದ ಮನುಷ್ಯರು ಏನೆಲ್ಲ ಹೇಳುತ್ತಾರೋ!

“ಹೌದಾ?”

“ಹೂಂ ಕಣೇ. ಬಾಯೆಲ್ಲಾ ಸಕ್ಕರೆ.”

“ಫೋನ್ ಅವಳ ಕೈಗೆ ಕೊಡು.”

ಹಿಂದೆ ಫಾಕುಂದೋ, “ಏನ್ ಮಾಡ್ತಿದೀರಿ ನೀವು?” ಎಂದು ಗದರಿದ. ಮತ್ತೊಂದು ಸುಳ್ಳು ನೆಲಿದಾಳ ನಾಲಿಗೆಯ ತುದಿಗೆ ಬಂದಿತ್ತು, ಮಲಗಿದಾಳೆ ಎಂದು. ಅದು ಹೊರಡಲಿಲ್ಲ.

“ರೋಮೀ, ಮಗು ಇಲ್ಲ ಕಣೇ,” ಎಂದು ಗೋಳೋ ಎಂದು ಅತ್ತಳು. “ಯಾರೋ ಎತ್ಕೊಂಡು ಹೋಗ್ಬಿಟ್ರು. ನಾನು ಮೆಷಿನ್ ಹಾಕ್ಕೊಂಡಿದ್ದೆ. ನನ್ನ ಕೊಂದುಹಾಕು, ಆಮೇಲೆ ಕೊಂದುಹಾಕು, ಈಗ ಬೇಗ ಬಾರೇ. ನನ್ನ ಕೈಲಾಗ್ತಿಲ್ಲ.”

“ಹಿಂದೆ ತಿರುಗು,” ಎಂದಳು ರೋಮಿನಾ.

ಮೆಟ್ಟಿಲ ಪಕ್ಕದ ಗೋಡೆಯ ನೆರಳಿನಲ್ಲಿ, ಬಾಡಿಗೆ ಕುರ್ಚಿಯ ಮೇಲೆ, ಹುಲ್ಲಿನ ಟೋಪಿ ಹಾಕಿಕೊಂಡು ಅವಳು ಕೂತಿದ್ದಳು. ಟವೆಲಿನಲ್ಲಿ ಸುತ್ತಿದ ಮಲೇನಾ ಅವಳ ತೊಡೆಯ ಮೇಲಿದ್ದಳು. ಓಡುತ್ತಾ ಓಡುತ್ತಾ ಎರಡು ಸಲ ನೆಲಿದಾ ಆ ಕುರ್ಚಿಯ ಮುಂದೆಯೇ ಹಾದುಹೋಗಿದ್ದಳು.

ನೆಲಿದಾ ಓಡಲಿಲ್ಲ. ಮೊಣಕಾಲೂರಿಕೊಂಡೇ ಹೋಗಿ ಮಗುವಿನ ಕಾಲು ಹಿಡಿದಳು, ಬೆರಳು ಬೆರಳು ಮುಟ್ಟಿ ನೋಡಿದಳು, ಪಾದಕ್ಕೆ ಮುತ್ತಿಟ್ಟಳು. ಮಲೇನಾ ಅಜ್ಜಿಯ ಒದ್ದೆ ಕೂದಲು ನೋಡಿ, “ಅಜ್ಜೀ, ನಾನು ಕರೆದೆ,” ಎಂದಳು. “ನಿನ್ನ ಕಾಲ್ ಮೇಲೆ ಮರಳೂ ಹಾಕಿದೆ. ನೀನು ನೋಡ್ಲೇ ಇಲ್ಲ.”

ಫಾಕುಂದೋ ಆಗಲೇ ನೀರಂಚಿಗೆ ಹೋಗಿ ಸೀಟಿ ಊದಿ ಕೈಯಾಡಿಸಿ ತನ್ನವರನ್ನು ವಾಪಸು ಕರೆಯುತ್ತಿದ್ದ.

“ನೀನು ಇಲ್ಲೇ ಇದ್ಯಾ?” ಎಂದಳು ನೆಲಿದಾ ಮಗಳಿಗೆ. “ನೋಡ್ತಾ ಕೂತಿದ್ಯಾ? ನಾನು ಸಾಯ್ತಿದ್ದೆ ಕಣೇ!”

“ಮನಸ್ಸು ತಡೀಲಿಲ್ಲ, ಹೋಟೆಲಿನವರ ಕೈಕಾಲು ಹಿಡಿದು ಒಂದಿಷ್ಟು ಬೇಗ ಬಿಡಿಸ್ಕೊಂಡು ಬಂದೆ. ಮೆಟ್ಟಿಲಿಳೀತಿದ್ದ ಹಾಗೆ ಚಪ್ಪಾಳೆ. ನೋಡಿದ್ರೆ ನನ್ನ ಮಗಳು. ಎತ್ಕೊಂಡು ನಿನ್ನನ್ನ ಹುಡುಕಿದೆ. ನೀನೂ ಚಪ್ಪಾಳೆ ತಟ್ತಿದ್ದೆ, ಅಮ್ಮಾ.”

ರೋಮಿನಾ ಕನ್ನಡಕ ತೆಗೆದಳು. ಕಣ್ಣು ಊದಿಕೊಂಡಿದ್ದವು. ಇಷ್ಟು ಹೊತ್ತೂ ಅವಳೂ ಅತ್ತಿದ್ದಳು.

“ಚಿಕ್ಕವಳಿದ್ದಾಗ ಈ ದಡದ ಗಂಡಸರೆಲ್ಲ ನನ್ನನ್ನ ಹೆಗಲ ಮೇಲೆ ಹೊತ್ತಿದಾರೆ. ಪ್ರತಿ ಬೇಸಿಗೆ. ಬೇರೆ ಮಕ್ಕಳ ಅಮ್ಮಂದಿರು ಕೂಗ್ತಾ, ಅಳ್ತಾ, ಎಡವಿ ಬೀಳ್ತಾ ಓಡಿಬರೋರು. ನಾನು ಮೇಲೆ ಕೂತು ನೋಡ್ತಿದ್ದೆ. ಅಲ್ಲಿಂದ ನೀನು ಚೆನ್ನಾಗಿ ಕಾಣ್ತಿದ್ದೆ. ನಿನ್ನ ಬೆನ್ನು. ನಾನೇ ಬೆರಳು ಮಾಡಿ ತೋರಿಸ್ತಿದ್ದೆ, ಅದೇ ನಮ್ಮಮ್ಮ, ಅಲ್ಲಿಗೆ ಬಿಡಿ ಅಂತ. ಅವರು ತಂದು ಇಳಿಸಿದ್ರೆ ನೀನು ಹೆಡ್‌ಫೋನನ್ನ ಒಂದು ಕಿವಿಯಿಂದ ಸರಿಸಿ, ‘ಉಪಕಾರ ಆಯ್ತಪ್ಪ’ ಅಂದು ಮತ್ತೆ ಮುಚ್ಕೊಳ್ತಿದ್ದೆ.” ಅವಳು ಮೂಗೊರೆಸಿಕೊಂಡಳು. “ಇವತ್ತು ತಕ್ಷಣ ಬಂದು ಹೇಳೋಣ ಅಂತಲೇ ಇದ್ದೆ. ನೀನು ನೀರಿಗೆ ನುಗ್ಗಿದೆ. ನೀನು ಹೆದರೋದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಕಾಲೇ ಬರ್ಲಿಲ್ಲ ನನಗೆ. ನೋಡ್ತಾ ಕೂತ್ಬಿಟ್ಟೆ. ನನಗೋಸ್ಕರ ಒಂದ್ ಸಲ ಹೆದರಿದ್ಯಾ ಅಮ್ಮಾ? ಒಂದೇ ಒಂದ್ ಸಲ?”

ಹೌದು ಎನ್ನಬಹುದಿತ್ತು. ಹಾಗೆಂದಿದ್ದರೆ ಮಗಳು ಬಹುಶಃ ನಂಬುತ್ತಿದ್ದಳು, ನಂಬಲೇಬೇಕೆಂದು ಕಾದು ಕೂತವಳ ಮುಖ ಅದು. ನೆಲಿದಾ ಆ ಮುಖ ನೋಡಿದಳು. ಒಂದು ಗಳಿಗೆಯ ಹಿಂದೆ ಫೋನಿನಲ್ಲಿ ಆಡಿದ ಸುಳ್ಳಿನ ರುಚಿ ಇನ್ನೂ ಬಾಯಲ್ಲೇ ಇತ್ತು.

“ಇಲ್ಲ ಕಣೇ,” ಎಂದಳು. “ಹೆದರಿರ್ಲಿಲ್ಲ. ಯಾರಾದ್ರೂ ತಂದು ಕೊಡ್ತಾರೆ ಅಂತಿದ್ದೆ. ಎಲ್ರೂ ತಂದು ಕೊಡ್ತಿದ್ರು.”

ರೋಮಿನಾ ತಲೆಯಾಡಿಸಿದಳು. ಮಗುವಿನ ಚಪ್ಪಲಿ ಹಾಕಿದಳು, ಟವೆಲು ಮಡಚಿದಳು, ಎದ್ದಳು. ಆ ಹಳೆಯ ನೋಟವನ್ನಾದರೂ ನೋಡಿಯಾಳೆಂದು ನೆಲಿದಾ ಕಾದಳು. ಅವಳು ನೋಡಲಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮಲೇನಾ ಮಾತ್ರ ತಾಯಿಯ ಹೆಗಲ ಮೇಲಿಂದ ಅಜ್ಜಿಯನ್ನೇ ನೋಡುತ್ತಾ ಹೋದಳು.

ಮೊದಲ ಬಾರಿಗೆ ನೆಲಿದಾ ಮಗಳ ಹಿಂದೆ ಓಡಿದಳು. ಹೆಸರು ಹಿಡಿದು ಕೂಗುತ್ತಾ, ಮೆಟ್ಟಿಲಿನಲ್ಲಿ ಎಡವುತ್ತಾ ಓಡಿದಳು. ಮೇಲೆ ರಸ್ತೆಯ ತುಂಬಾ ಹುಲ್ಲಿನ ಟೋಪಿಗಳು ಹೋಗುತ್ತಿದ್ದವು. ಯಾವುದು ತನ್ನ ಮಗಳದೆಂದು ಅವಳಿಗೆ ಗುರುತು ಹತ್ತಲಿಲ್ಲ.